ಮಿದುಳಿನ ಚಿತ್ರದೊಳಗೆ ಉಸಿರು, ಎದೆಬಡಿತ

ಸ್ಟುಡಿಯೋದಲ್ಲಿ ಮಾತುಕತೆಯ ಮುದ್ರಣ ಆರಂಭವಾಗುವ ಮೊದಲು ನಾವು ಒಂದು ಸಣ್ಣ ಶಾಸ್ತ್ರ ಮಾಡುತ್ತೇವೆ. ಅತಿಥಿಗಳು ಕುರ್ಚಿಯಲ್ಲಿ ಕುಳಿತು, ಕೊರಳಪಟ್ಟಿಗೆ ಮೈಕ್ ಸಿಕ್ಕಿಸಿಕೊಂಡ ಮೇಲೆ, “ದಯವಿಟ್ಟು ಅರ್ಧ ನಿಮಿಷ ಯಾರೂ ಮಾತನಾಡಬೇಡಿ” ಎಂದು ಕೇಳಿಕೊಳ್ಳುತ್ತೇವೆ. ಆ ಅರ್ಧ ನಿಮಿಷದ ಮೌನವನ್ನೂ ಮುದ್ರಿಸಿಕೊಳ್ಳುತ್ತೇವೆ. ಮೌನವನ್ನು ಏಕೆ ಮುದ್ರಿಸುತ್ತೀರಿ ಎಂದು ಕೆಲವರು ನಗುವುದುಂಟು. ಆದರೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಆ ಮೌನದಲ್ಲಿ ಹವಾನಿಯಂತ್ರಕದ ಗುಂಯ್‌ಗುಟ್ಟುವಿಕೆ ಇರುತ್ತದೆ, ದೀಪಗಳ ಝೇಂಕಾರ ಇರುತ್ತದೆ, ಅತಿಥಿಗಳ ಉಸಿರಾಟವೂ ಇರುತ್ತದೆ. ಗದ್ದಲದ ಗುರುತು ಮೊದಲೇ ನಮ್ಮ ಕೈಯಲ್ಲಿದ್ದರೆ, ಆಮೇಲೆ ಅದನ್ನು ಮಾತಿನಿಂದ ಬೇರ್ಪಡಿಸುವುದು ಸುಲಭ.

ಕೆಲವು ವರ್ಷಗಳ ಹಿಂದೆ ಅವಸರದಲ್ಲಿ ನಾನು ಈ ಶಾಸ್ತ್ರವನ್ನು ಬಿಟ್ಟೆ. ಅಂದಿನ ಅತಿಥಿ ವಯಸ್ಸಾದ ಅಧ್ಯಾಪಕರು. ಮೆಟ್ಟಿಲು ಹತ್ತಿ ಬಂದಿದ್ದರಿಂದ ಅವರ ಏದುಸಿರು ಮಾತಿನುದ್ದಕ್ಕೂ ಕೇಳುತ್ತಿತ್ತು. ಸಂಕಲನದ ಕೋಣೆಯಲ್ಲಿ ಕಿವಿಯ ಅಂದಾಜಿನಲ್ಲೇ ಆ ಸದ್ದನ್ನು ಒರೆಸಿ ಹಾಕಿದೆವು. ಪ್ರಸಾರವಾದ ಮರುದಿನ ಅವರ ದೂರವಾಣಿ ಕರೆ ಬಂತು. “ಏನ್ರೀ, ಮೂವತ್ತು ವರ್ಷ ಮಕ್ಕಳಿಗೆ ಹಕಾರ ಅಕಾರದ ಭೇದ ಹೇಳಿಕೊಟ್ಟವನು ನಾನು. ನನ್ನ ಬಾಯಲ್ಲೇ ‘ಹಳ್ಳಿ’ಯನ್ನು ‘ಅಳ್ಳಿ’ ಮಾಡಿಸಿಬಿಟ್ಟಿರಲ್ಲ!” ಎಂದರು. ಹಕಾರ ಎಂದರೆ ಉಸಿರೇ ತಾನೆ? ಉಸಿರಿನ ಗದ್ದಲದ ಜೊತೆಗೆ ಅವರ ಹಕಾರವೂ ಹೋಗಿತ್ತು.

ವಿದ್ಯಾರ್ಥಿ ಮಿತ್ರರೇ, ಇದೇ ಬಗೆಯ ಪೇಚಿಗೆ ಮಿದುಳಿನ ಚಿತ್ರ ತೆಗೆಯುವ ವಿಜ್ಞಾನಿಗಳೂ ಸಿಲುಕಿದರು. ಪತ್ರಿಕೆಗಳಲ್ಲಿ ನೀವು ಆ ಚಿತ್ರಗಳನ್ನು ನೋಡಿದ್ದೀರಿ. ಬೂದುಬಣ್ಣದ ಮಿದುಳು, ಅದರ ಮೇಲೆ ಅಲ್ಲಲ್ಲಿ ಕೆಂಪು ಹಳದಿ ಮಚ್ಚೆಗಳು, ಕೆಳಗೆ “ಹೆದರಿದಾಗ ಮಿದುಳಿನ ಈ ಭಾಗ ಬೆಳಗುತ್ತದೆ” ಎಂಬ ಒಕ್ಕಣೆ. ಆದರೆ ಹೆದರಿದಾಗ ಉಸಿರಿನ ಗತಿ ಬದಲಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಹಾಗಾದರೆ ಚಿತ್ರದಲ್ಲಿ ಬೆಳಗಿದ್ದು ಮಿದುಳಿನ ಯೋಚನೆಯೋ, ಶ್ವಾಸಕೋಶದ ಏರಿಳಿತವೋ? ಈ ಪ್ರಶ್ನೆಯನ್ನು ಬಿಡಿಸಲು ನಡೆದ ಪ್ರಯತ್ನಗಳ ಕಥೆಯನ್ನು ಈ ಲೇಖನದಲ್ಲಿ ನೋಡೋಣ.

ತಕ್ಕಡಿಯ ಮೇಲೆ ಮಲಗಿದ ಮನುಷ್ಯ

ಕಥೆ ಇಟಲಿಯ ಟ್ಯೂರಿನ್ ನಗರದಲ್ಲಿ ಆರಂಭವಾಗುತ್ತದೆ. ಅಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರಕ್ರಿಯಾ ವಿಜ್ಞಾನಿ ಇದ್ದರು. 1870ರ ದಶಕದ ಕೊನೆಯಲ್ಲಿ ಅವರ ಬಳಿಗೆ ಮಿಕೇಲೆ ಬೆರ್ಟಿನೊ ಎಂಬ ರೈತ ಬಂದ. ತಲೆಯ ಮೇಲೆ ಇಟ್ಟಿಗೆ ಬಿದ್ದು ಅವನ ತಲೆಬುರುಡೆ ಒಡೆದಿತ್ತು. ಗಾಯ ಮಾಗಿದ್ದರೂ ಮೂಳೆ ಇಲ್ಲದ ಆ ಜಾಗದಲ್ಲಿ ಚರ್ಮದ ಕೆಳಗೆ ಮಿದುಳಿನ ಮಿಡಿತ ಕಾಣುತ್ತಿತ್ತು. ಹಸುಗೂಸಿನ ನೆತ್ತಿಯಲ್ಲಿ ಮಿಡಿತ ಕಾಣುತ್ತದಲ್ಲ, ಹಾಗೆ.

ಮೊಸ್ಸೊ ಆ ಮಿಡಿತವನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಮೂಡಿಸುವ ಸಾಧನ ಮಾಡಿಕೊಂಡರು. “ಎಂಟು ಹನ್ನೆರಡಲೆ ಎಷ್ಟು?” ಎಂದು ಬೆರ್ಟಿನೊನನ್ನು ಕೇಳಿದರೆ ಮಿದುಳಿನ ಮಿಡಿತ ಹೆಚ್ಚುತ್ತಿತ್ತು. ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿದಾಗಲೂ ಹೆಚ್ಚಿತು. ಪ್ರಾರ್ಥನೆ ಹೇಳಬೇಕಿತ್ತೆಂಬುದು ನೆನಪಾಯಿತೇ ಎಂದು ಕೇಳಿದಾಗ ಅವನು ಹೌದೆಂದ. ಯೋಚನೆಗೂ ಮಿದುಳಿನ ರಕ್ತಕ್ಕೂ ನಂಟಿದೆ ಎಂಬುದಕ್ಕೆ ಇದು ಮೊದಮೊದಲ ಸಾಕ್ಷ್ಯಗಳಲ್ಲಿ ಒಂದು. 1880ರಲ್ಲಿ ಮೊಸ್ಸೊ ಈ ಕುರಿತು ಪುಸ್ತಕ ಬರೆದರು.

ಅವರ ಗೆರೆಗಳಲ್ಲಿ ಒಂದರ ಮೇಲೊಂದು ಕುಳಿತ ಮೂರು ಲಯಗಳಿದ್ದವು. ಎದೆಬಡಿತಕ್ಕೆ ಹೊಂದುವ ಚುರುಕಾದ ಮಿಡಿತ ಒಂದು. ಉಸಿರಾಟಕ್ಕೆ ಹೊಂದುವ ಏರಿಳಿತ ಇನ್ನೊಂದು. ಇವೆರಡಕ್ಕಿಂತ ನಿಧಾನವಾದ ಅಲೆಗಳು ಮೂರನೆಯದು. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಮತ್ತೆ ಎದುರಾಗುತ್ತವೆ.

ತಲೆಬುರುಡೆ ಒಡೆಯದ ಮನುಷ್ಯರಲ್ಲಿ ಇದನ್ನು ನೋಡುವುದು ಹೇಗೆ? 1880ರ ದಶಕದಲ್ಲಿ ಮೊಸ್ಸೊ ಒಂದು ದೊಡ್ಡ ತಕ್ಕಡಿಯನ್ನೇ ಕಟ್ಟಿಸಿದರು. ಮರದ ಹಲಗೆಯ ಮೇಲೆ ಮನುಷ್ಯನನ್ನು ಅಂಗಾತ ಮಲಗಿಸಿ, ತಲೆ ಮತ್ತು ಕಾಲಿನ ಕಡೆಗಳು ಸಮತೂಗುವಂತೆ ಮಾಡುವುದು. ಯೋಚನೆ ಮಾಡಿದಾಗ ತಲೆಗೆ ರಕ್ತ ಹೆಚ್ಚು ಹರಿದರೆ ತಲೆಯ ಕಡೆ ವಾಲಬೇಕು ಎಂಬುದು ಎಣಿಕೆ. ಆದರೆ ಒಂದು ತೊಡಕು. ಮಲಗಿದವನು ಉಸಿರಾಡಿದಂತೆಲ್ಲ ಹಲಗೆ ತೂಗುತ್ತಿತ್ತು! ಉಸಿರಾಡಬೇಡ ಎನ್ನುವಂತಿಲ್ಲವಷ್ಟೆ. ಮೊಸ್ಸೊ ಎದೆಗೆ ಒಂದು ಸಾಧನ ಕಟ್ಟಿ ಉಸಿರಾಟವನ್ನೂ, ಕೈಕಾಲುಗಳಿಗೆ ಬೇರೆ ಸಾಧನ ತೊಡಿಸಿ ಅಲ್ಲಿನ ರಕ್ತದ ಏರಿಳಿತವನ್ನೂ ಬೇರೆಯಾಗಿ ಬರೆದುಕೊಂಡರು. ತಕ್ಕಡಿಯ ವಾಲುವಿಕೆಯಲ್ಲಿ ಯಾವುದು ಉಸಿರಿನದು ಎಂದು ಹೋಲಿಸಿ ನೋಡಲು ಇದರಿಂದ ಸಾಧ್ಯವಾಯಿತು. ಅಷ್ಟು ಒರಟು ಸಾಧನದಿಂದ ಎಷ್ಟು ತಿಳಿಯಿತು ಎಂಬುದು ಬೇರೆ ಮಾತು. ಗದ್ದಲವನ್ನು ಅಳೆಯದೆ ಅದನ್ನು ಕಳೆಯಲಾಗದು ಎಂಬ ತಿಳಿವಳಿಕೆ ಮಾತ್ರ ಅಲ್ಲಿಯೇ ಇತ್ತು.

1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಒಂದು ಸೂತ್ರ ಮಂಡಿಸಿದರು: ಮಿದುಳಿನ ಯಾವ ಭಾಗದಲ್ಲಿ ಕೆಲಸ ಹೆಚ್ಚುತ್ತದೋ ಆ ಭಾಗಕ್ಕೆ ರಕ್ತ ಹೆಚ್ಚು ಒದಗುತ್ತದೆ. ಇಂದಿನ ಮಿದುಳಿನ ಚಿತ್ರಣಕ್ಕೆಲ್ಲ ಅಡಿಪಾಯ ಇದೇ.

ರಕ್ತದೊಳಗಿನ ಕಾಂತಗುಣ

ಇನ್ನು ಚಿತ್ರ ತೆಗೆಯುವ ಯಂತ್ರ ಬೇಕಿತ್ತು. 1936ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ರಕ್ತದ ಹಿಮೋಗ್ಲೋಬಿನ್ನಿನ ವಿಚಿತ್ರ ಗುಣವೊಂದನ್ನು ಕಂಡುಹಿಡಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನನ್ನು ಕಾಂತಕ್ಷೇತ್ರ ತುಸುವೇ ದೂರ ತಳ್ಳುತ್ತದೆ. ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ನನ್ನು ಕಾಂತಕ್ಷೇತ್ರ ತನ್ನತ್ತ ಸೆಳೆಯುತ್ತದೆ. ಅಂದರೆ ರಕ್ತ ತನ್ನ ಹೊರೆ ಇಳಿಸಿತೋ ಇಲ್ಲವೋ ಎಂಬುದನ್ನು ಕಾಂತದಿಂದ ತಿಳಿಯಬಹುದು.

1973ರಲ್ಲಿ ಪಾಲ್ ಲಾಟರ್ಬರ್ ಕಾಂತೀಯ ಅನುರಣನದಿಂದ ಚಿತ್ರ ರಚಿಸುವ ವಿಧಾನವನ್ನು ಪ್ರಕಟಿಸಿದರು. ನಮ್ಮ ದೇಹದ ನೀರಿನಲ್ಲಿರುವ ಹೈಡ್ರೊಜನ್ ಪರಮಾಣುಗಳ ಬೀಜಗಳು ಪ್ರಬಲ ಕಾಂತಕ್ಷೇತ್ರದಲ್ಲಿ ರೇಡಿಯೋ ಅಲೆಗಳಿಗೆ ಮಾರ್ದನಿ ಕೊಡುತ್ತವೆ. ಆ ಮಾರ್ದನಿಯನ್ನು ಗಣಿತದಿಂದ ಚಿತ್ರವಾಗಿಸುವುದೇ ಎಂ.ಆರ್.ಐ. 1977ರಲ್ಲಿ ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಇದನ್ನು ಅತಿ ಶೀಘ್ರವಾಗಿ ಮಾಡುವ ಉಪಾಯ ಸೂಚಿಸಿದರು. 2003ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಸಂದಿತು.

ಈ ಎರಡು ಎಳೆಗಳನ್ನು ಸೇರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನೀ ವಿಜ್ಞಾನಿ ಸೆಯ್ಜಿ ಒಗಾವಾ. ಇಲಿಗಳು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಬದಲಾಯಿಸಿದಾಗ ಅವುಗಳ ಮಿದುಳಿನ ಚಿತ್ರದಲ್ಲಿ ರಕ್ತನಾಳಗಳ ಕಪ್ಪು ಗೆರೆಗಳು ಮೂಡುವುದನ್ನೂ ಮಾಯವಾಗುವುದನ್ನೂ ಅವರು ಕಂಡರು. 1990ರಲ್ಲಿ ಇದು ಪ್ರಕಟವಾಯಿತು. 1992ರಲ್ಲಿ ಬಾಸ್ಟನ್, ಮಿನೆಸೋಟ ಮತ್ತು ಮಿಲ್ವಾಕೀಯ ಮೂರು ತಂಡಗಳು ಕೆಲವೇ ವಾರಗಳ ಅಂತರದಲ್ಲಿ ಮನುಷ್ಯರ ಮೇಲೆ ಇದನ್ನು ಮಾಡಿ ತೋರಿಸಿದವು. ಬೆಳಕು ಮಿನುಗಿಸಿದರೆ ತಲೆಯ ಹಿಂಭಾಗದ ದೃಷ್ಟಿಕೇಂದ್ರ, ಬೆರಳು ಆಡಿಸಿದರೆ ಚಲನೆಯ ಕೇಂದ್ರ ಚಿತ್ರದಲ್ಲಿ ತುಸು ಉಜ್ವಲವಾಗುತ್ತಿತ್ತು. ಕ್ರಿಯಾತ್ಮಕ ಎಂ.ಆರ್.ಐ. ಹುಟ್ಟಿದ್ದು ಹೀಗೆ. ಚುಚ್ಚುಮದ್ದು ಬೇಡ, ವಿಕಿರಣ ಬೇಡ, ರಕ್ತವೇ ಸುದ್ದಿ ಹೇಳುತ್ತದೆ.

ಆದರೆ ಸುದ್ದಿ ಬಹಳ ಮೆಲ್ಲಗೆ ಬರುತ್ತದೆ. ಅಂದಿನ ಯಂತ್ರಗಳಲ್ಲಿ ಬೆರಳಾಡಿಸಿದಾಗ ಆಗುತ್ತಿದ್ದ ಬದಲಾವಣೆ ನೂರಕ್ಕೆ ಕೆಲವೇ ಪಾಲು. ಯೋಚನೆಗೆ ಸಂಬಂಧಿಸಿದ ಬದಲಾವಣೆ ಇನ್ನೂ ಕಡಿಮೆ. ಅದೂ ನರಕೋಶಗಳು ಕೆಲಸ ಮಾಡಿದ ಕೂಡಲೇ ಅಲ್ಲ, ಐದಾರು ಸೆಕೆಂಡು ತಡವಾಗಿ ಶಿಖರ ಮುಟ್ಟುತ್ತದೆ. ಇಷ್ಟು ಕ್ಷೀಣ ಸಂಕೇತದ ಮೇಲೆ ಉಸಿರು ಮತ್ತು ಎದೆಬಡಿತ ಸವಾರಿ ಮಾಡುತ್ತವೆ.

ಎರಡು ಬಗೆಯ ತುಂಟತನ

ಎದೆಬಡಿತ ಏನು ಮಾಡುತ್ತದೆ? ಪ್ರತಿ ಬಡಿತಕ್ಕೂ ರಕ್ತದ ಒಂದು ಅಲೆ ತಲೆಗೇರುತ್ತದೆ. ಅಪಧಮನಿಗಳು ಉಬ್ಬುತ್ತವೆ. ಮಿದುಳಿನ ಸುತ್ತ ಮತ್ತು ಒಳಗಿನ ಪೊಟರೆಗಳಲ್ಲಿರುವ ದ್ರವ ಆಚೀಚೆ ಹರಿಯುತ್ತದೆ. ಮಿದುಳುಕಾಂಡ ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು ಜಗ್ಗುತ್ತದೆ. ಆದ್ದರಿಂದ ಈ ಗದ್ದಲ ಮಿದುಳಿನ ತಳಭಾಗದಲ್ಲಿ, ದೊಡ್ಡ ರಕ್ತನಾಳಗಳ ಬಳಿ, ದ್ರವದ ಪೊಟರೆಗಳ ಅಂಚಿನಲ್ಲಿ ಹೆಚ್ಚು.

ಉಸಿರಾಟದ್ದು ಬೇರೆ ವರಸೆ. ಎದೆ ಏರಿಳಿದಾಗ ತಲೆಯೂ ತುಸು ಅಲುಗುತ್ತದೆ. ಇದು ಊಹಿಸಬಹುದಾದದ್ದೇ. ಆದರೆ ತಲೆಯನ್ನು ಅಲುಗದಂತೆ ಕಟ್ಟಿಹಾಕಿದರೂ ಗದ್ದಲ ನಿಲ್ಲುವುದಿಲ್ಲ. ಗಾಳಿಯ ಕಾಂತಗುಣವೇ ಬೇರೆ, ಮಾಂಸದ ಕಾಂತಗುಣವೇ ಬೇರೆ. ಎದೆಗೂಡಿನಲ್ಲಿ ಗಾಳಿ ತುಂಬಿ ಖಾಲಿಯಾದಂತೆ ಯಂತ್ರದೊಳಗಿನ ಕಾಂತಕ್ಷೇತ್ರವೇ ತಲೆಯ ತನಕ ಕೊಂಚ ಕದಲುತ್ತದೆ, ಚಿತ್ರ ಜರುಗಿದಂತಾಗುತ್ತದೆ. ಕಾರಣ ಎದೆಯಲ್ಲಿ, ಪರಿಣಾಮ ತಲೆಯ ಚಿತ್ರದಲ್ಲಿ!

ಇನ್ನಷ್ಟು ದೊಡ್ಡ ಕಾಂತ ತಂದರೆ ಸರಿಹೋಗದೇ ಎಂದು ನೀವು ಕೇಳಬಹುದು. ಯಂತ್ರದ ವಿದ್ಯುನ್ಮಂಡಲದಿಂದ ಬರುವ ಗದ್ದಲವಾಗಿದ್ದರೆ ಸರಿಹೋಗುತ್ತಿತ್ತು. 2001ರಲ್ಲಿ ಗುನ್ನಾರ್ ಕ್ರೂಗರ್ ಮತ್ತು ಗ್ಯಾರಿ ಗ್ಲೋವರ್ ತೋರಿಸಿದಂತೆ, ದೇಹದಿಂದ ಬರುವ ಗದ್ದಲ ಸಂಕೇತದ ಜೊತೆಜೊತೆಗೇ ಬೆಳೆಯುತ್ತದೆ. ರೇಡಿಯೋದ ಧ್ವನಿ ಏರಿಸಿದರೆ ಹಾಡಿನ ಜೊತೆ ಹಾಡುಗಾರರ ಕೆಮ್ಮೂ ಜೋರಾಗಿ ಕೇಳುವ ಹಾಗೆ.

ಹಿಂದಕ್ಕೆ ತಿರುಗುವ ಚಕ್ರ

ಎಲ್ಲಕ್ಕಿಂತ ದೊಡ್ಡ ತೊಡಕನ್ನು ಅರ್ಥಮಾಡಿಕೊಳ್ಳಲು ಮತ್ತೆ ನಮ್ಮ ಕಸುಬಿಗೆ ಬರೋಣ. ಹಳೆಯ ಸಿನಿಮಾದಲ್ಲಿ ಜಟಕಾ ಗಾಡಿ ಮುಂದಕ್ಕೆ ಓಡುತ್ತಿದ್ದರೂ ಅದರ ಚಕ್ರ ನಿಧಾನವಾಗಿ ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ನೀವು ನೋಡಿರಬಹುದು. ಸಿನಿಮಾ ಕ್ಯಾಮರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಎರಡು ಚಿತ್ರಗಳ ನಡುವೆ ಚಕ್ರ ಎಷ್ಟು ತಿರುಗಿತು ಎಂಬುದು ಕ್ಯಾಮರಾಕ್ಕೆ ಗೊತ್ತಿಲ್ಲ. ವೇಗದ ಚಲನೆ ನಿಧಾನದ ಚಲನೆಯ ವೇಷ ಹಾಕಿಕೊಂಡು ಬರುತ್ತದೆ.

ಮಿದುಳಿನ ಚಿತ್ರಣದಲ್ಲೂ ಇದೇ ಆಗುತ್ತದೆ. ಇಡೀ ಮಿದುಳಿನ ಒಂದು ಚಿತ್ರಕ್ಕೆ ಬಹುಕಾಲ ಸುಮಾರು 2 ಸೆಕೆಂಡು ಹಿಡಿಯುತ್ತಿತ್ತು. ಒಬ್ಬರ ನಾಡಿ ನಿಮಿಷಕ್ಕೆ 66 ಎಂದಿಟ್ಟುಕೊಳ್ಳಿ. 2 ಸೆಕೆಂಡಿನಲ್ಲಿ ಹೃದಯ 2.2 ಸಲ ಬಡಿಯುತ್ತದೆ. ಪೂರ್ಣವಾದ 2 ಬಡಿತಗಳು ಚಿತ್ರಕ್ಕೆ ಕಾಣುವುದೇ ಇಲ್ಲ, ಉಳಿದ 0.2 ಬಡಿತ ಮಾತ್ರ ಕಾಣುತ್ತದೆ. ಅಂದರೆ ಪ್ರತಿ ಚಿತ್ರಕ್ಕೂ ಹೃದಯದ ಚಕ್ರ ಐದನೆಯ ಒಂದು ಭಾಗ ಮುಂದುವರಿದಂತೆ ತೋರುತ್ತದೆ. ಐದು ಚಿತ್ರಗಳಿಗೆ, ಅಂದರೆ 10 ಸೆಕೆಂಡಿಗೆ, ಒಂದು ಸುತ್ತು ಮುಗಿಯುತ್ತದೆ. ಸೆಕೆಂಡಿಗೊಂದಕ್ಕಿಂತ ವೇಗವಾಗಿ ಬಡಿಯುವ ಹೃದಯ, ಚಿತ್ರದಲ್ಲಿ 10 ಸೆಕೆಂಡಿನ ನಿಧಾನ ಅಲೆಯಾಗಿ ಕುಳಿತುಕೊಳ್ಳುತ್ತದೆ. ಮಿದುಳಿನ ರಕ್ತದ ಸುದ್ದಿಯೂ ಅಂಥದೇ ನಿಧಾನದ್ದು. ಕಳ್ಳ ಊರಿನವರ ವೇಷದಲ್ಲೇ ಜಾತ್ರೆಯೊಳಗೆ ಸೇರಿಕೊಂಡಂತಾಯಿತು.

ಬೆರಳಿಗೊಂದು ಕ್ಲಿಪ್ಪು, ಹೊಟ್ಟೆಗೊಂದು ಪಟ್ಟಿ

ಹಾಗಾದರೆ ಕಳ್ಳನನ್ನು ಹಿಡಿಯುವುದು ಹೇಗೆ? ಒಂದು ಜೋಕಾಲಿಯನ್ನು ಕಲ್ಪಿಸಿಕೊಳ್ಳಿ. ಅದರ ಮೇಲೆ ಮಗು ತೂಗುತ್ತಿದೆ. ನೀವು ಮನಸ್ಸಿಗೆ ಬಂದಾಗಲೆಲ್ಲ ಫೋಟೋ ತೆಗೆಯುತ್ತೀರಿ. ಫೋಟೋಗಳನ್ನು ತೆಗೆದ ಕ್ರಮದಲ್ಲೇ ಜೋಡಿಸಿದರೆ ಮಗು ಎಲ್ಲೆಲ್ಲೋ ಹಾರಿದಂತೆ ಕಾಣುತ್ತದೆ. ಆದರೆ ಪಕ್ಕದಲ್ಲಿ ನಿಂತ ನಿಮ್ಮ ತಂಗಿ, ಪ್ರತಿ ಫೋಟೋದ ಗಳಿಗೆಯಲ್ಲಿ ಜೋಕಾಲಿ ಎಲ್ಲಿತ್ತು ಎಂದು ಬರೆದಿಟ್ಟುಕೊಂಡಿದ್ದಾಳೆ ಎನ್ನೋಣ. ಆ ಪಟ್ಟಿಯ ಪ್ರಕಾರ ಫೋಟೋಗಳನ್ನು ಮತ್ತೆ ಜೋಡಿಸಿದರೆ ಜೋಕಾಲಿಯ ಚಲನೆ ಸ್ಪಷ್ಟವಾಗಿ ಮೂಡುತ್ತದೆ. ಮೂಡಿದ ಮೇಲೆ ಅದನ್ನು ಕಳೆಯಬಹುದು. ಕಳೆದ ಮೇಲೂ ಉಳಿಯುವ ಚಲನೆ, ಉದಾಹರಣೆಗೆ ಮಗು ಕೈಬೀಸಿದ್ದು, ನಿಜವಾಗಿ ಮಗುವಿನದು.

1995ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಶಿಯಾವೊಪಿಂಗ್ ಹೂ ಮತ್ತು ಸಂಗಡಿಗರು ಈ ದಾರಿ ಹಿಡಿದರು. ಚಿತ್ರಣ ನಡೆಯುವಾಗಲೇ ಉಸಿರನ್ನೂ ನಾಡಿಯನ್ನೂ ದಾಖಲಿಸಿಕೊಂಡು, ಚಿತ್ರವಾಗುವ ಮೊದಲಿನ ಕಚ್ಚಾ ಅಂಕಿಗಳಲ್ಲೇ ಅವುಗಳ ಪಾಲನ್ನು ಅಂದಾಜಿಸಿ ಕಳೆದರು. ಆದರೆ ಎದೆಬಡಿತದ ಪರಿಣಾಮ ರಕ್ತನಾಳದ ಬಳಿಯ ಸಣ್ಣ ಸಣ್ಣ ಜಾಗಗಳಲ್ಲಿರುತ್ತದೆ. ಕಚ್ಚಾ ಅಂಕಿಗಳಲ್ಲಿ ಅದು ಚೆದುರಿಹೋಗಿರುತ್ತದೆ.

2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ಯಾರಿ ಗ್ಲೋವರ್, ಟೀ-ಚಿಯಾಂಗ್ ಲೀ ಮತ್ತು ಡೇವಿಡ್ ರೆಸ್ ಇದೇ ಕೆಲಸವನ್ನು ಸಿದ್ಧಚಿತ್ರದ ಒಂದೊಂದು ಬಿಂದುವಿನಲ್ಲೂ ಮಾಡಿದರು. ಅವರ ವಿಧಾನಕ್ಕೆ ‘ರೆಟ್ರೊಐಕಾರ್’ ಎಂದು ಹೆಸರು. ಬೇಕಾಗುವ ಸಲಕರಣೆ ಅತಿ ಸರಳ. ಬೆರಳ ತುದಿಗೆ ಬೆಳಕಿನಿಂದ ನಾಡಿ ನೋಡುವ ಒಂದು ಕ್ಲಿಪ್ಪು. ಆಸ್ಪತ್ರೆಯಲ್ಲಿ ರೋಗಿಗಳ ಬೆರಳಿಗೆ ಸಿಕ್ಕಿಸುವಂಥದು. ಹೊಟ್ಟೆಯ ಸುತ್ತ ಗಾಳಿ ತುಂಬಿದ ಒಂದು ಪಟ್ಟಿ. ಪ್ರತಿ ಚಿತ್ರ ತೆಗೆದ ಗಳಿಗೆ ಎರಡು ನಾಡಿಬಡಿತಗಳ ನಡುವೆ ಎಲ್ಲಿ ಬಿತ್ತು ಎಂಬುದನ್ನು 0ಯಿಂದ 360 ಡಿಗ್ರಿಯ ಒಂದು ಕೋನವಾಗಿ ಬರೆಯುತ್ತಾರೆ. ಉಸಿರಿಗೂ ಹಾಗೆಯೇ, ಆದರೆ ಅಲ್ಲಿ ಉಸಿರಿನ ಆಳವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಮೇಲುಸಿರು ಚಿತ್ರವನ್ನು ಕದಲಿಸುವಷ್ಟೇ ದೀರ್ಘ ಉಸಿರೂ ಕದಲಿಸುತ್ತದೆ ಎನ್ನಲಾಗದು. ಆಮೇಲೆ ನೀವು ತ್ರಿಕೋನಮಿತಿಯಲ್ಲಿ ಕಲಿತ ಸೈನ್, ಕೊಸೈನ್‌ಗಳೇ ಸಾಕು. ಕೆಲವೇ ಸೈನ್ ಅಲೆಗಳನ್ನು ಕೂಡಿಸಿ ಆ ಬಿಂದುವಿನ ಲಯಕ್ಕೆ ಹೊಂದಿಸಿ, ಹೊಂದಿದಷ್ಟನ್ನು ಕಳೆಯುವುದು. “ಈ ತ್ರಿಕೋನಮಿತಿ ಯಾವ ಊಟಕ್ಕೆ?” ಎಂದು ಗೊಣಗುವ ಮಿತ್ರರು ಇದನ್ನು ಗಮನಿಸಬೇಕು!

ಕಸದಲ್ಲಿ ಸಿಕ್ಕ ವಸ್ತು

ಈ ನಡುವೆ ಮಿಲ್ವಾಕೀಯಲ್ಲಿ ಒಂದು ಸ್ವಾರಸ್ಯಕರ ಘಟನೆ ನಡೆದಿತ್ತು. ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ಭಾರತ ಮೂಲದ ಭರತ್ ಬಿಸ್ವಾಲ್ ಎಂಬ ಸಂಶೋಧನ ವಿದ್ಯಾರ್ಥಿ ಇದೇ ಗದ್ದಲವನ್ನು ಅರಿತು ತೆಗೆದುಹಾಕುವ ಕೆಲಸದಲ್ಲಿದ್ದರು. ಏನೂ ಮಾಡದೆ ಸುಮ್ಮನೆ ಮಲಗಿದವರ ಮಿದುಳಿನ 512 ಚಿತ್ರಗಳನ್ನು, 250 ಮಿಲಿಸೆಕೆಂಡಿಗೆ ಒಂದರಂತೆ ತೆಗೆದರು. ಸೆಕೆಂಡಿಗೆ 4 ಚಿತ್ರ ಎಂದರೆ ಎದೆಬಡಿತ ವೇಷ ಹಾಕಲು ಆಸ್ಪದವಿಲ್ಲ. ಉಸಿರು, ಎದೆಬಡಿತ ಎರಡೂ ತಮ್ಮ ತಮ್ಮ ಜಾಗದಲ್ಲೇ ಕಂಡವು.

ಅವುಗಳನ್ನು ಶೋಧಿಸಿ ಬದಿಗಿಟ್ಟ ಮೇಲೂ 10 ಸೆಕೆಂಡಿಗಿಂತ ನಿಧಾನವಾದ ಅಲೆಗಳು ಉಳಿದವು. ಆಶ್ಚರ್ಯವೆಂದರೆ, ಕೈ ಆಡಿಸುವ ಎಡ ಮಿದುಳಿನ ಭಾಗದ ಅಲೆಗಳಿಗೂ ಬಲ ಮಿದುಳಿನ ಅದೇ ಭಾಗದ ಅಲೆಗಳಿಗೂ ತಾಳ ಹೊಂದುತ್ತಿತ್ತು. ಕೈ ಮಾತ್ರ ಅಲುಗಿರಲೇ ಇಲ್ಲ! ಕೆಲಸವಿಲ್ಲದಾಗಲೂ ಮಿದುಳಿನ ಜೊತೆಗಾರ ಭಾಗಗಳು ಪರಸ್ಪರ ಹೊಂದಿಕೊಂಡಿರುತ್ತವೆ ಎಂಬ ಈ ಸಂಗತಿ 1995ರಲ್ಲಿ ಪ್ರಕಟವಾಯಿತು. ಅನೇಕರು ನಂಬಲಿಲ್ಲ. “ಇದೂ ಉಸಿರಿನ ಗದ್ದಲವೇ ಇರಬೇಕು” ಎಂಬ ಅನುಮಾನ ಬಹುಕಾಲ ಉಳಿಯಿತು. ಇಂದು ವಿಶ್ರಾಂತ ಮಿದುಳಿನ ಅಧ್ಯಯನ ಈ ಕ್ಷೇತ್ರದ ಒಂದು ದೊಡ್ಡ ಶಾಖೆಯಾಗಿ ಬೆಳೆದಿದೆ. ಗದ್ದಲವೆಂದು ಎಲ್ಲವನ್ನೂ ಸಾರಾಸಗಟಾಗಿ ಒರೆಸಿದ್ದರೆ ಈ ಹಕಾರ ನಮಗೆ ಸಿಗುತ್ತಿರಲಿಲ್ಲ.

ಉಸಿರಿನ ದೀರ್ಘ ನೆರಳು

ಅನುಮಾನಿಸಿದವರೂ ಪೂರಾ ತಪ್ಪಿರಲಿಲ್ಲ. ಉಸಿರಾಟದ ಇನ್ನೊಂದು ಪರಿಣಾಮ ಆಮೇಲೆ ಬೆಳಕಿಗೆ ಬಂತು. ಉಸಿರು ಬಿಗಿಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದಕ್ಕೆ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಹೆಚ್ಚು ಹರಿಯುತ್ತದೆ, ಚಿತ್ರ ಉಜ್ವಲವಾಗುತ್ತದೆ. ಯಾವ ಯೋಚನೆಯನ್ನೂ ಮಾಡದೆ, ಬರಿಯ ಉಸಿರು ಬಿಗಿಹಿಡಿಯುವುದರಿಂದಲೇ ಮಿದುಳನ್ನು ‘ಬೆಳಗಿಸ’ಬಹುದು. ನಾವು ಸುಮ್ಮನೆ ಮಲಗಿದಾಗಲೂ ಉಸಿರಿನ ಆಳ ಒಂದೇ ಸಮ ಇರುವುದಿಲ್ಲ. ಆಗಾಗ ಒಂದು ನಿಟ್ಟುಸಿರು, ಒಂದು ಆಕಳಿಕೆ. 2004ರಲ್ಲಿ ಆಕ್ಸ್‌ಫರ್ಡಿನ ರಿಚರ್ಡ್ ವೈಸ್ ಮತ್ತು ಸಂಗಡಿಗರು, ಇಂಥ ಸಹಜ ಏರುಪೇರಿನಿಂದ ಇಂಗಾಲದ ಡೈಆಕ್ಸೈಡ್ ಬದಲಾಗಿ ಮಿದುಳಿನ ಚಿತ್ರದಲ್ಲಿ ನಿಧಾನದ ಅಲೆಗಳೇಳುವುದನ್ನು ತೋರಿಸಿದರು. ಮೊಸ್ಸೊ ಅವರ ಗೆರೆಗಳಲ್ಲೂ ಉಸಿರಿಗಿಂತ ನಿಧಾನವಾದ ಅಲೆಗಳಿದ್ದವೆಂಬುದು ನೆನಪಿದೆಯಲ್ಲವೇ?

2006ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಸ್ಮಸ್ ಬಿರ್ನ್ ಮತ್ತು ಸಂಗಡಿಗರು ಇದನ್ನು ಹೊಟ್ಟೆಯ ಪಟ್ಟಿಯಿಂದಲೇ ಲೆಕ್ಕಹಾಕುವ ದಾರಿ ಕಂಡುಕೊಂಡರು. ಒಂದು ಉಸಿರಿನ ಏರಿಳಿತವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ಉಸಿರಾಟದ ಪ್ರಮಾಣದ ಒಂದು ಅಳತೆ ಸಿಗುತ್ತದೆ. ಈ ಅಳತೆಯ ಏರಿಳಿತ ಹೆಚ್ಚು ಕಂಡುಬಂದ ಜಾಗಗಳಲ್ಲಿ ಕೆಲವು, ವಿಶ್ರಾಂತಿಯಲ್ಲಿ ಒಟ್ಟಾಗಿ ತಾಳ ಹಾಕುತ್ತವೆಂದು ಹೆಸರಾದ ಜಾಗಗಳೇ ಆಗಿದ್ದವು! ಒಂದು ದೀರ್ಘ ಉಸಿರಿನ ನೆರಳು ಚಿತ್ರದಲ್ಲಿ ಹತ್ತಾರು ಸೆಕೆಂಡು ಉಳಿಯುತ್ತದೆ ಎಂದೂ ಬಿರ್ನ್ ಆಮೇಲೆ ತೋರಿಸಿದರು. 2009ರಲ್ಲಿ ಕ್ಯಾಥರೀನ್ ಚಾಂಗ್, ಜಾನ್ ಕನ್ನಿಂಗ್‌ಹ್ಯಾಮ್ ಮತ್ತು ಗ್ಲೋವರ್, ನಾಡಿಯ ವೇಗ ಬದಲಾದಾಗ ಬೀಳುವ ಇಂಥದೇ ನೆರಳನ್ನು ಲೆಕ್ಕಕ್ಕೆ ತಂದರು.

ಎಷ್ಟು ಒರೆಸಬೇಕು?

ಕ್ಲಿಪ್ಪು, ಪಟ್ಟಿ ಎರಡನ್ನೂ ಕಟ್ಟದೆ ತೆಗೆದ ಚಿತ್ರಗಳ ಗತಿಯೇನು? ಪ್ರಪಂಚದಲ್ಲಿ ಅಂಥವು ರಾಶಿರಾಶಿ ಇವೆ. 2007ರಲ್ಲಿ ಯಶಾರ್ ಬೆಹ್ಜಾದಿ ಮತ್ತು ಸಂಗಡಿಗರು ‘ಕಾಂಪ್‌ಕಾರ್’ ಎಂಬ ಉಪಾಯ ಸೂಚಿಸಿದರು. ಮಿದುಳಿನ ಬಿಳಿಭಾಗದಲ್ಲಿ ಮತ್ತು ದ್ರವದ ಪೊಟರೆಗಳಲ್ಲಿ ಯೋಚನೆಯ ಸುದ್ದಿ ಇರುವುದು ತೀರ ಕಡಿಮೆ. ಅಲ್ಲಿ ಕಾಣುವ ಅಲೆಗಳನ್ನು ಗದ್ದಲದ ಮಾದರಿಯಾಗಿ ಹಿಡಿದು ಉಳಿದ ಕಡೆಗಳಿಂದ ಕಳೆಯುವುದು ಆ ಉಪಾಯ. ನಮ್ಮ ಅರ್ಧ ನಿಮಿಷದ ಮೌನದ ಹಾಗೆ.

ಇನ್ನೂ ಸುಲಭದ ದಾರಿ ಹಿಡಿದವರೂ ಇದ್ದರು. ಇಡೀ ಮಿದುಳಿನ ಸರಾಸರಿಯನ್ನೇ ಗದ್ದಲವೆಂದು ಭಾವಿಸಿ ಎಲ್ಲ ಕಡೆಯಿಂದಲೂ ಕಳೆದುಬಿಡುವುದು. ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ 2009ರಲ್ಲಿ ಕೆವಿನ್ ಮರ್ಫಿ ಮತ್ತು ಸಂಗಡಿಗರು ಒಂದು ಎಚ್ಚರಿಕೆ ಕೊಟ್ಟರು. ಸರಾಸರಿಯನ್ನು ಕಳೆದ ಮೇಲೆ ಕೆಲವು ಭಾಗಗಳು ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುವಂತೆ ಕಾಣುವುದು ಗಣಿತದಿಂದಲೇ ಅನಿವಾರ್ಯ. ತರಗತಿಯ ಸರಾಸರಿ ಅಂಕವನ್ನು ಎಲ್ಲರ ಅಂಕದಿಂದ ಕಳೆದರೆ ಅಂಕಗಳಲ್ಲಿ ವ್ಯತ್ಯಾಸ ಇದ್ದಾಗ ಕೆಲವರಿಗೆ ಸೊನ್ನೆಗಿಂತ ಕಡಿಮೆ ಬರಲೇಬೇಕಲ್ಲವೇ? ಆ ಮಕ್ಕಳು ಏನೂ ಓದಿಲ್ಲ ಎಂದು ಅದರಿಂದ ಹೇಳಲಾದೀತೇ? ಈ ಚರ್ಚೆ ಇನ್ನೂ ಮುಗಿದಿಲ್ಲ.

2010ರ ನಂತರ ಹಲವು ಪದರಗಳನ್ನು ಒಟ್ಟಿಗೇ ಚಿತ್ರಿಸುವ ತಂತ್ರ ಬಂದು ವೇಗ ಹೆಚ್ಚಿತು. ಸುಮಾರು 1,200 ಯುವಜನರನ್ನು ಅಧ್ಯಯನ ಮಾಡಿದ ಅಮೆರಿಕದ ‘ಹ್ಯೂಮನ್ ಕನೆಕ್ಟೋಮ್’ ಯೋಜನೆಯಲ್ಲಿ 0.72 ಸೆಕೆಂಡಿಗೆ ಇಡೀ ಮಿದುಳಿನ ಒಂದು ಚಿತ್ರ. ಅಷ್ಟು ವೇಗಕ್ಕೆ ಉಸಿರು ಮರೆಮಾಚಲಾರದು, ಆದರೆ ಹೃದಯ ಇನ್ನೂ ವೇಷ ಹಾಕುತ್ತದೆ. ಆದ್ದರಿಂದ ಅಲ್ಲಿಯೂ ಉಸಿರು, ನಾಡಿಗಳನ್ನು ಜೊತೆಯಲ್ಲೇ ದಾಖಲಿಸಿದರು. 2016ರಲ್ಲಿ ಫಿನ್ಲೆಂಡಿನ ಊಲು ನಗರದ ವೆಸಾ ಕಿವಿನಿಯೆಮಿ ಮತ್ತು ಸಂಗಡಿಗರು ಸೆಕೆಂಡಿಗೆ 10 ಚಿತ್ರ ತೆಗೆದು, ಎದೆಬಡಿತ ಮತ್ತು ಉಸಿರಿನ ಮಿಡಿತಗಳನ್ನೇ ಅಧ್ಯಯನದ ವಸ್ತುವಾಗಿಸಿದರು. ಮಿದುಳಿನ ದ್ರವ ಹರಿದು ಒಳಗಿನ ಕಶ್ಮಲ ಹೊರಹೋಗಲು ಈ ಮಿಡಿತಗಳೇ ನೆರವಾಗುತ್ತಿರಬಹುದೇ ಎಂಬುದು ಅವರ ಪ್ರಶ್ನೆ. ಒಬ್ಬರು ಕಳೆದು ಹಾಕಿದ್ದನ್ನು ಇನ್ನೊಬ್ಬರು ಆರಿಸಿಕೊಂಡು ನೋಡುತ್ತಿದ್ದಾರೆ.

ಒಂದು ತೊಡಕು ಮಾತ್ರ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಹೆದರಿಕೆಯ ಚಿತ್ರ ತೋರಿಸಿದಾಗಲೆಲ್ಲ ಉಸಿರೂ ತಪ್ಪದೆ ಬದಲಾದರೆ, ಉಸಿರಿನ ಪಾಲನ್ನು ಕಳೆಯುವಾಗ ಹೆದರಿಕೆಯ ಪಾಲೂ ಹೋಗುತ್ತದೆ. ಕಳೆಯದಿದ್ದರೆ ಉಸಿರು ಹೆದರಿಕೆಯ ಹೆಸರಿನಲ್ಲಿ ಅಚ್ಚಾಗುತ್ತದೆ. ಎರಡೂ ಒಟ್ಟಿಗೆ ನಡೆದಾಗ ಯಾವ ಗಣಿತವೂ ಅವನ್ನು ಪೂರ್ತಿ ಬಿಡಿಸಲಾರದು. ಪ್ರಯೋಗವನ್ನೇ ಜಾಣತನದಿಂದ ಹೂಡಬೇಕು.

ಇದು ಬರಿಯ ಪಂಡಿತರ ಜಗಳವಲ್ಲ. ಮಿದುಳಿನಲ್ಲಿ ಗಡ್ಡೆ ಬೆಳೆದವರಿಗೆ ಶಸ್ತ್ರಚಿಕಿತ್ಸೆ ಮಾಡುವ ಮೊದಲು, ಮಾತಿನ ಕೇಂದ್ರ ಎಲ್ಲಿದೆ, ಕೈ ಆಡಿಸುವ ಕೇಂದ್ರ ಎಲ್ಲಿದೆ ಎಂದು ತಿಳಿಯಲು ಈ ಚಿತ್ರಗಳನ್ನು ಬಳಸುತ್ತಾರೆ. ಅಲ್ಲಿ ಒಂದು ಸುಳ್ಳು ಮಚ್ಚೆ ಮೂಡಿದರೆ, ಒಂದು ನಿಜವಾದ ಮಚ್ಚೆ ಅಳಿಸಿಹೋದರೆ, ಅದರ ಬೆಲೆ ಒಬ್ಬ ಮನುಷ್ಯನ ಮಾತಾಗಿರಬಹುದು. ವೃದ್ಧರ ರಕ್ತನಾಳಗಳು ಬಿರುಸಾಗಿರುತ್ತವೆ. ಅವರ ಮಿದುಳನ್ನು ತರುಣರ ಮಿದುಳಿಗೆ ಹೋಲಿಸಿ “ಯೋಚನೆ ಕುಂದಿದೆ” ಎನ್ನುವ ಮೊದಲು, ಕುಂದಿದ್ದು ಯೋಚನೆಯೋ ನಾಳದ ಹಿಗ್ಗುವಿಕೆಯೋ ಎಂದು ಕೇಳಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲೂ ಕ್ರಿಯಾತ್ಮಕ ಎಂ.ಆರ್.ಐ. ಬಳಸಿ ಸಂಶೋಧನೆ ನಡೆಯುತ್ತದೆ. ನಾಳೆ ನಿಮ್ಮಲ್ಲಿ ಯಾರಾದರೂ ಅಂಥ ಯಂತ್ರದ ಮುಂದೆ ಕುಳಿತರೆ, ಬೆರಳ ಕ್ಲಿಪ್ಪನ್ನೂ ಹೊಟ್ಟೆಯ ಪಟ್ಟಿಯನ್ನೂ “ಇವತ್ತು ಬೇಡ, ಹೊತ್ತಾಯಿತು” ಎಂದು ಬದಿಗಿಡಬೇಡಿ. ಅಂದು ಬರೆದಿಟ್ಟುಕೊಳ್ಳದ ಉಸಿರು ಮತ್ತೆ ಸಿಗುವುದಿಲ್ಲ. ಹಕಾರ ಕಳೆದುಕೊಂಡವನ ಮಾತಿದು.

ನೀವೇ ಮಾಡಿ ನೋಡಿ

ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಿಮ್ಮ ನಾಡಿ ಎಣಿಸಿ. ಬಂದ ಸಂಖ್ಯೆಯನ್ನು 30ರಿಂದ ಭಾಗಿಸಿ. ಅದು 2 ಸೆಕೆಂಡಿನಲ್ಲಾಗುವ ಬಡಿತಗಳ ಸಂಖ್ಯೆ. ಪೂರ್ಣಾಂಕವನ್ನು ಬಿಟ್ಟು ದಶಮಾಂಶದ ಭಾಗವನ್ನಷ್ಟೇ ಇಟ್ಟುಕೊಳ್ಳಿ. ಅದು ಅರ್ಧಕ್ಕಿಂತ ಹೆಚ್ಚಿದ್ದರೆ 1ರಿಂದ ಕಳೆಯಿರಿ. ನಿಮ್ಮ ಚಕ್ರ ಹಿಂದಕ್ಕೆ ತಿರುಗುತ್ತಿದೆ ಎಂದರ್ಥ. ಈಗ 2ನ್ನು ಆ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರ, ನಿಮ್ಮ ಎದೆಬಡಿತ ಮಿದುಳಿನ ಚಿತ್ರದಲ್ಲಿ ಎಷ್ಟು ಸೆಕೆಂಡಿನ ಅಲೆಯಾಗಿ ವೇಷ ಹಾಕುತ್ತದೆ ಎಂಬುದು. ನಾಡಿ 72 ಇದ್ದರೆ 5 ಸೆಕೆಂಡು. 84 ಇದ್ದರೆ 10 ಸೆಕೆಂಡು, ಅದೂ ಹಿಮ್ಮುಖವಾಗಿ. ಸರಿಯಾಗಿ 60 ಇದ್ದರೆ ಏನಾಗುತ್ತದೆ? ನೀವೇ ಯೋಚಿಸಿ.

ಆಮೇಲೆ ನಿಧಾನವಾಗಿ ಆಳವಾದ ಉಸಿರೆಳೆದು ಬಿಡುತ್ತ ನಾಡಿ ನೋಡಿ. ಉಸಿರೆಳೆಯುವಾಗ ಅದು ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಎರಡು ಗದ್ದಲಗಳೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಬೆರಳಿಗೇ ತಿಳಿಯುತ್ತದೆ. ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವಾಗ, ನೀವು ಅದಕ್ಕೆ ಮೊದಲು ಕುಳಿತಿದ್ದಿರೋ, ಮೆಟ್ಟಿಲು ಹತ್ತಿ ಬಂದಿದ್ದಿರೋ, ಕಾಫಿ ಕುಡಿದಿದ್ದಿರೋ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.